ಟೇಪಿನ ಇನ್ನೊಂದು ಮಗ್ಗುಲು

ನನ್ನ ಬಲತೋಳು ಊದಿಕೊಂಡಿದೆ ಎಂದು ಮೊದಲು ಹೇಳಿದ್ದು ವೈದ್ಯರಲ್ಲ, ನಾನೇ ಹೊಲಿದ ರವಿಕೆ. 2023ರ ಮೇ ತಿಂಗಳು, ಅಣ್ಣನ ಮಗನ ಮದುವೆ. ಆರು ತಿಂಗಳ ಹಿಂದೆ ಹೊಲಿದಿಟ್ಟಿದ್ದ ರೇಷ್ಮೆ ರವಿಕೆಯ ಎಡತೋಳು ಸಲೀಸಾಗಿ ಏರಿತು. ಬಲತೋಳು ಮೊಣಕೈ ದಾಟಿದ ಮೇಲೆ ಎಷ್ಟು ಜಗ್ಗಿದರೂ ಏರಲಿಲ್ಲ. ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು ನಾನು. ರವಿಕೆ ಬಿಗಿಯಾಯಿತು ಎಂದು ದೂರು ತರುವ ಗಿರಾಕಿಗೆ ನನ್ನ ಉತ್ತರ ಒಂದೇ: "ಮೈ ಬಂದಿದೆ ಅಮ್ಮ, ನನ್ನ ಅಳತೆ ತಪ್ಪಿಲ್ಲ." ಆ ದಿನ ಅದನ್ನೇ ನನಗೂ ಹೇಳಿಕೊಂಡೆ. ಮೈ ಬಂದರೆ ಎರಡು ತೋಳಿಗೂ ಬರಬೇಕಲ್ಲ ಎಂಬ ಯೋಚನೆ ಬಂದಿತ್ತು, ಆದರೆ ಮುಹೂರ್ತ ಮೀರುತ್ತಿತ್ತು. ಒಳಗಿನ ಮಾರ್ಜಿನ್ ಬಿಚ್ಚಿ, ಅರ್ಧ ಇಂಚು ಸಡಿಲಿಸಿ, ಮೇಲೊಂದು ಇಸ್ತ್ರಿ ಎಳೆದು ಹಾಕಿಕೊಂಡು ಹೋದೆ.

ಹಿಂದಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬಲಭಾಗದ ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಆಯಿತು. ಕಂಕುಳಿನಿಂದ 14 ದುಗ್ಧಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ತೆಗೆದಿದ್ದರು. ಆಮೇಲೆ ಕಿಮೊ, ಅದಾದ ಮೇಲೆ 25 ದಿನ ವಿಕಿರಣ. ಅದೆಲ್ಲ ಮುಗಿದು ವರ್ಷ ಕಳೆದಿತ್ತು. ಕೂದಲು ಬಂದಿತ್ತು, ಗಿರಾಕಿಗಳೂ ಮರಳಿ ಬಂದಿದ್ದರು. ಮುಗಿದ ಕಥೆ ಎಂದುಕೊಂಡಿದ್ದಾಗ ತೋಳು ಬೇರೆ ಕಥೆ ಶುರು ಮಾಡಿತು.

ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ಸೂಚನೆಗಳಿದ್ದವು. ಬಲಗೈಗೆ ಬಳೆ ಏರಿಸಲು ಸೋಪು ಬೇಕಾಗುತ್ತಿತ್ತು. ಸಂಜೆ ಹೊತ್ತಿಗೆ ತೋಳು ನೆನೆದ ಬಟ್ಟೆಯ ಹಾಗೆ ಭಾರವಾಗುತ್ತಿತ್ತು. ಮುಂಗೈಯನ್ನು ಮೇಜಿನ ಅಂಚಿಗೆ ಒತ್ತಿಟ್ಟುಕೊಂಡು ಕತ್ತರಿಸಿದರೆ ಅಂಚಿನ ಗೆರೆ ಚರ್ಮದ ಮೇಲೆ ಹತ್ತು ನಿಮಿಷ ಹಾಗೆಯೇ ಉಳಿಯುತ್ತಿತ್ತು. ನೋವಿಲ್ಲದ್ದರಿಂದ ಯಾರಿಗೂ ಹೇಳಲಿಲ್ಲ. ನೋವಿಲ್ಲದ ಕಾಯಿಲೆಯನ್ನು ನಮ್ಮ ಹೆಂಗಸರು ಕಾಯಿಲೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮದುವೆ ಮುಗಿದ ಮೇಲೆ ಊತವನ್ನು ತೋರಿಸಿದ ಮೊದಲ ಕಡೆ ನೀರು ಇಳಿಸುವ ಮಾತ್ರೆ ಬರೆದುಕೊಟ್ಟು, "ಆ ಕೈ ಜೋಪಾನ, ಏನನ್ನೂ ಎತ್ತಬೇಡಿ" ಎಂದರು. ಮಾತ್ರೆಯಿಂದ ಬಚ್ಚಲಿಗೆ ಓಡಾಡಿದ್ದಾಯಿತೇ ಹೊರತು ತೋಳು ಇಳಿಯಲಿಲ್ಲ. ಆದರೆ "ಜೋಪಾನ" ಎಂಬ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಕತ್ತರಿ ಹಿಡಿಯುವ ಕೆಲಸವನ್ನು ಅಂಗಡಿಯ ಹುಡುಗಿಗೆ ಒಪ್ಪಿಸಿದೆ. ಇಸ್ತ್ರಿ ಪೆಟ್ಟಿಗೆ ಮುಟ್ಟಲಿಲ್ಲ. ಮನೆಯಲ್ಲಿ ರಾಗಿ ಮುದ್ದೆ ತಿರುವುವ ಕೆಲಸ ಯಜಮಾನರ ಪಾಲಾಯಿತು. ಆ ಮೂರು ತಿಂಗಳು ನಾವು ತಿಂದ ಗಂಟುಗಳ ವಿಷಯ ಬೇಡ. ಕೈಯನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತೆ. ಅದೂ ಮಗುವಿನ ಹಾಗೆಯೇ ದಿನೇ ದಿನೇ ಬೆಳೆಯಿತು. ನಡುವೆ ಅತ್ತಿಗೆ ಬಂದು ಹರಳೆಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿ ನೀವಿದರು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಮರುದಿನ ತೋಳು ಇನ್ನೂ ಅರ್ಧ ಬೆರಳು ದಪ್ಪವಾಗಿತ್ತು.

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ತಪಾಸಣೆಗೆ ಹೋದಾಗ ಅಲ್ಲಿನ ವೈದ್ಯರು ತೋಳನ್ನು ನೋಡಿದ ಕೂಡಲೇ ಲಿಂಫೆಡಿಮಾ, ಅಂದರೆ ದ್ರವ ಹರಿಯದೆ ನಿಂತು ಬರುವ ಊತ, ಎಂದು ಹೆಸರು ಹೇಳಿದರು. ಬೇರೆ ಕಾರಣವೇನಾದರೂ ಇದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿ, ಇಲ್ಲವೆಂದು ಖಚಿತವಾದ ಮೇಲೆ, ಹಾಸನದಲ್ಲೇ ಇರುವ ಒಬ್ಬ ಫಿಸಿಯೊಥೆರಪಿಸ್ಟ್ ಬಳಿ ಕಳಿಸಿದರು. ನನ್ನ ಮಗಳ ವಯಸ್ಸಿನವರು. ನಾನು ಹೋಗಿ ಕೂತ ಕೂಡಲೇ ಅವರು ಮೇಜಿನ ಖಾನೆಯಿಂದ ತೆಗೆದದ್ದು ಹೊಲಿಗೆಯ ಟೇಪು. ನನಗೆ ನಗು ಬಂತು. ಆದರೆ ಅವರು ಅಳೆದದ್ದು ನಾನು ಯಾವತ್ತೂ ನೋಡದ ಮಗ್ಗುಲಿನಲ್ಲಿ. ನಮ್ಮ ಟೇಪಿನ ಒಂದು ಮಗ್ಗುಲಲ್ಲಿ 60 ಇಂಚು ಇರುತ್ತದೆ, ಮಗುಚಿದರೆ 150 ಸೆಂಟಿಮೀಟರು. ಇಷ್ಟು ವರ್ಷ ಆ ಮಗ್ಗುಲು ಗಿರಾಕಿಯ ಮೈಗೆ ಅಂಟಿಕೊಂಡಿರುತ್ತಿತ್ತು, ನಾನು ಓದಿರಲಿಲ್ಲ. ಅವರು ಮಣಿಕಟ್ಟಿನಿಂದ ಕಂಕುಳಿನವರೆಗೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಚುಕ್ಕೆ ಚುಕ್ಕೆಗೂ ಟೇಪು ಸುತ್ತಿ, ಎರಡೂ ತೋಳಿನದನ್ನು ಎದುರುಬದುರು ಬರೆದರು. ಮೊಣಕೈಯಿಂದ ಹತ್ತು ಸೆಂಟಿಮೀಟರ್ ಕೆಳಗೆ ಎಡ 24.2, ಬಲ 27.5. ಟೇಪನ್ನು ಬಿಗಿಯಾಗಿ ಎಳೆಯಲೂ ಇಲ್ಲ, ಜೋಲು ಬಿಡಲೂ ಇಲ್ಲ. ಕೈ ನೋಡಿದರೆ ಪಳಗಿದ ಕೈ ಎಂದು ನನಗೆ ಗೊತ್ತಾಗುತ್ತದೆ. ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಎರಡು ಸೆಂಟಿಮೀಟರ್ ವ್ಯತ್ಯಾಸ ಕಂಡರೇ ಅದನ್ನು ಊತ ಎಂದು ಗಂಭೀರವಾಗಿ ತೆಗೆದುಕೊಳ್ಳುತ್ತಾರಂತೆ. ನನ್ನದು ಮೂರು ದಾಟಿತ್ತು. ಯಾಕೆ ಹೀಗಾಗುತ್ತದೆ ಎಂದೂ ವಿವರಿಸಿದರು. ರಕ್ತನಾಳದಿಂದ ಹೊರಗೆ ಜಿನುಗುವ ದ್ರವದಲ್ಲಿ ಒಂದು ಪಾಲು ದುಗ್ಧರಸವಾಗಿ ದುಗ್ಧನಾಳಗಳ ಮೂಲಕ, ಗ್ರಂಥಿಗಳನ್ನು ಹಾದು, ಕೊರಳೆಲುಬಿನ ಹಿಂದೆ ಮತ್ತೆ ರಕ್ತಕ್ಕೆ ಸೇರುತ್ತದೆ. ಇಡೀ ದೇಹದ ಲೆಕ್ಕ ಹಿಡಿದರೆ ದಿನಕ್ಕೆ ಎರಡು ಮೂರು ಲೀಟರ್. ರಕ್ತವನ್ನು ನೂಕಲು ಹೃದಯವಿದೆ, ಇದಕ್ಕೆ ಅಂಥ ಪಂಪ್ ಇಲ್ಲ. ನಾಳದ ಗೋಡೆ ತಾನೇ ಮೆಲ್ಲಗೆ ಹಿಂಡಿಕೊಳ್ಳುತ್ತದೆ. ಉಳಿದದ್ದು ಅಕ್ಕಪಕ್ಕದ ಸ್ನಾಯುಗಳ ಅಲುಗಾಟ ಮತ್ತು ಉಸಿರಾಟದ ಎಳೆತ. ಕಂಕುಳಿನ ಗ್ರಂಥಿ ಹೋದ ಮೇಲೆ, ವಿಕಿರಣದಿಂದ ಅಲ್ಲಿನ ಅಂಗಾಂಶ ಗಟ್ಟಿಯಾದ ಮೇಲೆ, ಮುಖ್ಯ ದಾರಿ ಕಿರಿದಾಗುತ್ತದೆ. ದ್ರವ ತೋಳಿನಲ್ಲೇ ನಿಲ್ಲುತ್ತದೆ. ಆ ದ್ರವದಲ್ಲಿ ಪ್ರೋಟೀನ್ ಇರುವುದರಿಂದ ನೀರಿನ ಮಾತ್ರೆ ನೀರನ್ನು ಹೀರಿದರೂ ಪ್ರೋಟೀನ್ ಅಲ್ಲೇ ಕೂತು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. "ಹಾಗಾದರೆ ಕೈಯನ್ನು ಅಲುಗಿಸದೆ ಇಟ್ಟದ್ದು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದ ಪಂಪನ್ನೂ ನಿಲ್ಲಿಸಿದ ಹಾಗಾಯಿತು" ಎಂದರು.

ಮೊದಲ ಮೂರು ವಾರ ಬ್ಯಾಂಡೇಜ್. ದಿನಾ ಹೋಗಬೇಕು. ಚರ್ಮಕ್ಕೆ ಎಣ್ಣೆಯಂಥ ಲೇಪ, ನವಿರಾಗಿ ಚರ್ಮವನ್ನಷ್ಟೇ ಸರಿಸುವ ನೀವುವಿಕೆ, ಬೆರಳಿಗೆ ಒಂದೊಂದು ಸುತ್ತು, ಮೇಲೆ ಹತ್ತಿಯ ಪದರ, ಅದರ ಮೇಲೆ ಎರಡು ಮೂರು ಪಟ್ಟಿ. ಆ ನೀವುವಿಕೆ 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡರ್ ಎಂಬವರು ರೂಪಿಸಿದ್ದಂತೆ. ಅತ್ತಿಗೆಯ ಹರಳೆಣ್ಣೆ ತಿಕ್ಕಾಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಣ್ಣು ಮುಚ್ಚಿದರೆ ಯಾರೋ ತೋಳಿನ ಮೇಲೆ ಮಲ್ಮಲ್ ಬಟ್ಟೆ ಎಳೆದ ಹಾಗೆ. ಬ್ಯಾಂಡೇಜಿನ ಬಟ್ಟೆಯನ್ನು ಮಾತ್ರ ನಾನು ಬೆರಳಲ್ಲಿ ಹಿಡಿದು ಎಳೆದು ನೋಡಿದೆ. ಉಳುಕಿದ ಕೈಗೆ ಕಟ್ಟುವ ಎಲಾಸ್ಟಿಕ್ ಪಟ್ಟಿಯ ಹಾಗೆ ಉದ್ದುದ್ದ ಬರುವುದಿಲ್ಲ, ಕೊಂಚ ಬಂದು ನಿಂತುಬಿಡುತ್ತದೆ. ಗುಟ್ಟು ಇರುವುದೇ ಅಲ್ಲಿ. ಕೈ ಸುಮ್ಮನಿದ್ದಾಗ ಅದು ಒತ್ತುವುದು ಕಡಿಮೆ. ಸ್ನಾಯು ಉಬ್ಬಿದಾಗ ಬಟ್ಟೆ ಜಗ್ಗುವುದಿಲ್ಲವಾದ್ದರಿಂದ ಒತ್ತಡ ಒಳಕ್ಕೆ ತಿರುಗಿ ದ್ರವವನ್ನು ನೂಕುತ್ತದೆ. ಅಂದರೆ ಬ್ಯಾಂಡೇಜ್ ಕಟ್ಟಿಕೊಂಡು ಸುಮ್ಮನೆ ಕೂತರೆ ಅರ್ಧ ದುಡ್ಡು ದಂಡ.

ಆಮೇಲೆ ವ್ಯಾಯಾಮ ಹೇಳಿಕೊಟ್ಟರು. ನೋಡಿ ನನಗೆ ನಿಜಕ್ಕೂ ಅವಮಾನವಾಯಿತು. ಇದಕ್ಕಾಗಿ ಅಂಗಡಿ ಬಿಟ್ಟು ಬಂದೆನೇ ಎನಿಸಿತು.

ಬೆನ್ನು ನೇರ ಮಾಡಿ ಸ್ಟೂಲಿನ ಮೇಲೆ ಕೂರುವುದು. ಹೊಟ್ಟೆಯ ಮೇಲೆ ಕೈ ಇಟ್ಟು, ಅದು ಉಬ್ಬುವ ಹಾಗೆ ಉಸಿರು ಎಳೆದು ನಿಧಾನವಾಗಿ ಬಿಡುವುದು, ಐದು ಸಲ. ಕತ್ತನ್ನು ಎಡಕ್ಕೆ, ಬಲಕ್ಕೆ ತಿರುಗಿಸುವುದು. ಭುಜವನ್ನು ಕಿವಿಯ ಹತ್ತಿರಕ್ಕೆ ಎತ್ತಿ ಬಿಡುವುದು, ಆಮೇಲೆ ಹಿಂದಕ್ಕೆ ಉರುಳಿಸುವುದು. ಅನಂತರವೇ ತೋಳು: ದಿಂಬಿನ ಮೇಲೆ ಎತ್ತರಕ್ಕಿಟ್ಟು ಮೊಣಕೈ ಮಡಚಿ ಬಿಡಿಸುವುದು, ಬಳೆ ಸದ್ದು ಮಾಡಿಸುವ ಹಾಗೆ ಮಣಿಕಟ್ಟು ತಿರುಗಿಸುವುದು, ಮುಷ್ಟಿ ಕಟ್ಟಿ ಮೂರು ಎಣಿಸಿ ಬಿಡುವುದು, ಹೆಬ್ಬೆರಳಿಗೆ ಒಂದೊಂದೇ ಬೆರಳನ್ನು ತಾಕಿಸುವುದು. ಕೊನೆಗೆ ಎರಡೂ ಕೈಯನ್ನು ತಂತಿಗೆ ಬಟ್ಟೆ ಹರವುವಷ್ಟು ಎತ್ತರಕ್ಕೆ ಎತ್ತಿ ಇಳಿಸಿ, ಮತ್ತೆ ಐದು ಉಸಿರು. ಒಂದೊಂದೂ ಹತ್ತು ಸಲ. ಹದಿನೈದು ನಿಮಿಷ, ದಿನಕ್ಕೆ ಎರಡು ಹೊತ್ತು, ಬ್ಯಾಂಡೇಜಿನ ಸಮೇತ. ಅಷ್ಟೇ.

ಕೈಯ ಊತಕ್ಕೆ ಹೊಟ್ಟೆಯಿಂದ, ಕತ್ತಿನಿಂದ ಯಾಕೆ ಶುರು ಮಾಡಬೇಕು ಎಂದು ಕೇಳದೆ ಇರಲಾಗಲಿಲ್ಲ. "ಶಿರಾಡಿ ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಕೊನೆಯವನು ಹಾರ್ನ್ ಹೊಡೆದರೆ ಏನು ಪ್ರಯೋಜನ? ಮುಂದಿನದು ಕದಲಬೇಕು" ಎಂದರು. ಹಾಸನದವರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಮೊದಲ ದಿನ ನಾನು ಮುಷ್ಟಿಯನ್ನು ಸರಸರನೆ ಕಟ್ಟಿ ಬಿಟ್ಟು ಐದೇ ನಿಮಿಷದಲ್ಲಿ ಎಲ್ಲವನ್ನೂ ಮುಗಿಸಿದೆ. ಅವರು ತಡೆದು, "ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ನಿಧಾನದ್ದು ಯಾವುದು?" ಎಂದು ಕೇಳಿದರು. ಕೈಯಲ್ಲಿ ಕಾಜ ಹೊಲಿಯುವುದು ಎಂದೆ. "ಹಾಗಾದರೆ ಕಾಜ ಹೊಲಿಯುವ ಹಾಗೆ ಮಾಡಿ, ಮಿಷನ್ ತುಳಿದ ಹಾಗೆ ಬೇಡ."

ಅಂಗಡಿಯಲ್ಲಿ ಇದನ್ನು ಮಾಡಲು ನನಗಿದ್ದ ಜಾಗ ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ. ಮೂರು ಅಡಿಗೆ ಮೂರು ಅಡಿ, ಎದುರಿಗೆ ನಿಲುವುಗನ್ನಡಿ. ಬ್ಯಾಂಡೇಜಿನ ಕೈ ಎತ್ತಿಕೊಂಡು ಮುಷ್ಟಿ ಕಟ್ಟಿ ಬಿಡುವ ಐವತ್ತೊಂದು ವರ್ಷದ ಹೆಂಗಸನ್ನು ಕನ್ನಡಿಯಲ್ಲಿ ನೋಡಿ ನಗುವುದೋ ಅಳುವುದೋ ತಿಳಿಯುತ್ತಿರಲಿಲ್ಲ. ಒಂದು ದಿನ ಗಿರಾಕಿಯೊಬ್ಬರು ಪರದೆ ಸರಿಸಿಬಿಟ್ಟರು. "ಯಾರಿಗೆ ಗುದ್ದಲು ತಯಾರಿ?" ಎಂದರು. ಇನ್ನೊಬ್ಬರು, ಇದು ಆನೆಕಾಲಿನಂಥದ್ದೇ, ಅಂಟುತ್ತದೆಯೇ ಎಂದು ಕೇಳಿ ತಮ್ಮ ಬಟ್ಟೆಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಆನೆಕಾಲು ರೋಗದಲ್ಲಿ ಸೊಳ್ಳೆ ಹರಡುವ ಹುಳ ದುಗ್ಧನಾಳವನ್ನು ಕೆಡಿಸುತ್ತದೆ, ನನ್ನದರಲ್ಲಿ ಕತ್ತರಿ ಮತ್ತು ವಿಕಿರಣ ಕೆಡಿಸಿದೆ. ಮುಟ್ಟಿದರೆ ಎರಡೂ ಅಂಟುವುದಿಲ್ಲ ಎಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಅಲ್ಲೇ ಇದ್ದ ಮಂಗಳೂರು ಕಡೆಯವರೊಬ್ಬರು, ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ತಮ್ಮ ಮಾವನ ಕಾಲಿನ ಊತಕ್ಕೆ ಆಯುರ್ವೇದ, ಯೋಗ, ಬ್ಯಾಂಡೇಜ್ ಮೂರನ್ನೂ ಸೇರಿಸಿ ಚಿಕಿತ್ಸೆ ಮಾಡಿದ್ದನ್ನು ಹೇಳಿದರು. ಅಲ್ಲಿಯೂ ಉಸಿರಾಟವೇ ಮೊದಲು ಎಂದು ಕೇಳಿ ನನಗೆ ಸಮಾಧಾನವಾಯಿತು.

ನಂಬಿಕೆ ಬಂದದ್ದು ಮಾತಿನಿಂದಲ್ಲ, ಟೇಪಿನಿಂದ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬರೆದು, ಪ್ರತಿ ಸೋಮವಾರ ಬೆಳಿಗ್ಗೆ, ಅದೇ ಹೊತ್ತಿಗೆ, ಅದೇ ಚುಕ್ಕೆಗಳ ಮೇಲೆ ಅಳೆದೆ. 27.5 ಇದ್ದದ್ದು ಮೊದಲ ವಾರ 26.7. ಮೂರನೆಯ ವಾರದ ಕೊನೆಗೆ 25.6. ಆ ಸೋಮವಾರ ಟೇಪನ್ನು ಮೂರು ಸಲ ಸುತ್ತಿ ನೋಡಿದೆ. ಅಂಗಡಿಯ ಹುಡುಗಿಯ ಕೈಯಲ್ಲೂ ಒಮ್ಮೆ ಅಳೆಸಿದೆ. ಅವಳು ಇಂಚಿನ ಮಗ್ಗುಲಲ್ಲಿ ಓದಿ "ಹತ್ತು" ಎಂದಳು, ಸರಿಯಾಗಿತ್ತು.

ಬ್ಯಾಂಡೇಜ್ ಬಿಚ್ಚಿದ ಮೇಲೆ ಒತ್ತಡದ ತೋಳುಚೀಲ, ಅಂದರೆ ತೋಳಿಗೆ ಬಿಗಿಯಾಗಿ ಹಾಕಿಕೊಳ್ಳುವ ಕಂಪ್ರೆಷನ್ ಸ್ಲೀವ್, ಬಂತು. ಮೂರು ಸಾವಿರದ ಚಿಲ್ಲರೆ. ನನ್ನ ಕೈಗೆ ಸಿಕ್ಕ ಕೂಡಲೇ ಒಳಹೊರಗು ಮಾಡಿ ಹೊಲಿಗೆ ನೋಡಿದೆ. ಇಷ್ಟಕ್ಕೆ ಇಷ್ಟು ದುಡ್ಡೇ, ಲೈಕ್ರಾ ತಂದು ನಾನೇ ಹೊಲಿಯುತ್ತೇನೆ ಎಂದೆ. ಫಿಸಿಯೊ ಅವರು ವಾದಿಸದೆ ಚೀಲವನ್ನು ಕೊಟ್ಟು, ಮಣಿಕಟ್ಟಿನ ಕಡೆಯನ್ನೂ ತೋಳಿನ ಕಡೆಯನ್ನೂ ಹಿಗ್ಗಿಸಿ ನೋಡಿ ಎಂದರು. ಮಣಿಕಟ್ಟಿನಲ್ಲಿ ನೇಯ್ಗೆ ಮೊಂಡು ಹಿಡಿದಂತೆ ಬಿಗಿ. ಮೇಲೆ ಮೇಲೆ ಹೋದ ಹಾಗೆ ಇಂಚಿಂಚೇ ಸಡಿಲ. ಒತ್ತಡ ಕೆಳಗೆ ಹೆಚ್ಚು, ಮೇಲೆ ಕಡಿಮೆ ಇದ್ದರೆ ಮಾತ್ರ ದ್ರವ ಮೇಲಕ್ಕೆ ಹೋಗುತ್ತದೆ. ತಿರುವುಮುರುವಾದರೆ ಅಂಗೈಯಲ್ಲಿ ನಿಲ್ಲುತ್ತದೆ. ಅಂಥ ನೇಯ್ಗೆ ನನ್ನ ಮಿಷನ್ನಿಗೆ ಆಗದು ಎಂದು ಒಪ್ಪಿಕೊಂಡೆ. ಗಿರಾಕಿ ಮುಂದೆ ಸೋಲೊಪ್ಪದವಳು ಅಲ್ಲಿ ಒಪ್ಪಿದೆ. ದಿನಾ ಕೈಯಲ್ಲಿ ಒಗೆಯಬೇಕು, ಹಿಂಡಬಾರದು, ನೆರಳಲ್ಲಿ ಒಣಗಿಸಬೇಕು. ಆರು ತಿಂಗಳಿಗೆ ಅದರ ಬಿಗಿ ಸತ್ತುಹೋಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಒಂದು ಚೀಲ ಎರಡು ದಿನವಾದರೂ ಒಣಗುವುದಿಲ್ಲವಾದ್ದರಿಂದ ಎರಡು ಇಟ್ಟುಕೊಳ್ಳಲೇಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹಸಿ ಚೀಲ ಹಾಕಿಕೊಂಡು ಚರ್ಮ ಕೆರೆದುಕೊಂಡ ಮೇಲೆ ಗೊತ್ತಾಯಿತು.

2024ರ ಜೂನ್‌ನಲ್ಲಿ ಬಲಗೈಯ ತೋರುಬೆರಳಿಗೆ ಸೂಜಿ ಚುಚ್ಚಿತು. ನಮ್ಮ ವೃತ್ತಿಯಲ್ಲಿ ಅದು ದಿನಕ್ಕೆ ನಾಲ್ಕು ಸಲ ಆಗುವುದು. ಬಾಯಲ್ಲಿಟ್ಟು ಚೀಪಿ ಮುಂದಿನ ಹೊಲಿಗೆಗೆ ಹೋದೆ. ಮರುದಿನ ರಾತ್ರಿ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲಲಿಲ್ಲ. ಬೆಳಿಗ್ಗೆ ಮುಂಗೈ ಕೆಂಪಾಗಿ, ಮುಟ್ಟಿದರೆ ಬಿಸಿ ಕಾವಲಿಯ ಹಾಗಿತ್ತು. ದುಗ್ಧರಸ ನಿಂತ ಕೈಯಲ್ಲಿ ಸೋಂಕಿಗೆ ತಡೆ ಕಡಿಮೆ. ಅಷ್ಟು ಸಣ್ಣ ತೂತು ಸಾಕು. ಆಸ್ಪತ್ರೆಯಲ್ಲಿ ನಾಲ್ಕು ದಿನ ಸಿರಿಂಜಿನಲ್ಲಿ, ಆಮೇಲೆ ಹತ್ತು ದಿನ ಮಾತ್ರೆಯಲ್ಲಿ ಪ್ರತಿಜೀವಕ. ಚಿಕಿತ್ಸೆ ಹಿಡಿದು ಕೆಂಪು ಇಳಿಯುವವರೆಗೆ ನೀವುವುದೂ ಇಲ್ಲ, ವ್ಯಾಯಾಮವೂ ಇಲ್ಲ, ಚೀಲವೂ ಇಲ್ಲ. ಮತ್ತೆ ಅಳೆದರೆ 26.9. ಒಂಬತ್ತು ತಿಂಗಳ ಕೆಲಸವನ್ನು ಒಂದು ಸೂಜಿ ಬಿಚ್ಚಿಹಾಕಿತ್ತು. ಅಮ್ಮ ಹೊಲಿಯುವಾಗ ಬೆರಳಿಗೆ ಹಾಕುತ್ತಿದ್ದ ಹಿತ್ತಾಳೆಯ ಅಂಗುಸ್ತಾನ ಪೆಟ್ಟಿಗೆಯ ತಳದಲ್ಲಿತ್ತು. ಹೊಸ ಕಾಲದವಳೆಂದು ಅದನ್ನು ಇಷ್ಟು ವರ್ಷ ಮುಟ್ಟಿರಲಿಲ್ಲ. ಈಗ ಅದಿಲ್ಲದೆ ಸೂಜಿ ಹಿಡಿಯುವುದಿಲ್ಲ.

ಆ ಹಿನ್ನಡೆಯಿಂದ ಚೇತರಿಸಿಕೊಂಡ ಮೇಲೆ ಫಿಸಿಯೊ ಅವರು ಭಾರ ಎತ್ತುವ ಮಾತೆತ್ತಿದರು. ನಾನು ಹೌಹಾರಿದೆ. ಭಾರ ಎತ್ತಬಾರದು ಎಂದಲ್ಲವೇ ಎಲ್ಲರೂ ಹೇಳಿದ್ದು? ಅಮೆರಿಕದಲ್ಲಿ ಇಂಥದ್ದೇ ಊತವಿದ್ದ 141 ಮಹಿಳೆಯರ ಅಧ್ಯಯನ ನಡೆದು 2009ರಲ್ಲಿ ಪ್ರಕಟವಾಯಿತಂತೆ. ಚೀಲ ಹಾಕಿಕೊಂಡು, ಕಲಿಸುವವರ ಎದುರಿಗೆ, ತೀರಾ ಕಡಿಮೆ ಭಾರದಿಂದ ಶುರು ಮಾಡಿ ಮೆಲ್ಲಗೆ ಏರಿಸಿದವರ ಊತ ಹೆಚ್ಚಲಿಲ್ಲ; ಊತ ಇದ್ದಕ್ಕಿದ್ದಂತೆ ಕೆರಳುವುದೂ ಅವರಲ್ಲಿ ಕಡಿಮೆಯಿತ್ತು. ನನ್ನ ಡಂಬೆಲ್ಲು ಅರ್ಧ ಲೀಟರಿನ ನೀರಿನ ಬಾಟಲಿ. ತುಂಬಿದರೆ ಅರ್ಧ ಕಿಲೋ. ಕೈ ಸೋತ ದಿನ ಸ್ವಲ್ಪ ಚೆಲ್ಲಿದರೆ ಆಯಿತು. ವಾರಕ್ಕೆ ಎರಡೇ ದಿನ, ಹತ್ತು ಸಲ. ಮರುದಿನ ಟೇಪು. ಟೇಪು ಒಪ್ಪಿದರೆ ಮಾತ್ರ ಹೆಚ್ಚಿಸುವುದು. ಒಂದು ಕಿಲೋ ತಲುಪಲು ಎರಡೂವರೆ ತಿಂಗಳು ಹಿಡಿಯಿತು.

ಒಮ್ಮೆ ಟೇಪನ್ನು ಕೇಳದೆ ಹೋದೆ. ಆ ವರ್ಷದ ದೀಪಾವಳಿಗೆ, ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ, ಅಂಗಡಿಯಲ್ಲಿ ರವಿಕೆಗಳ ರಾಶಿ. ಎರಡು ದಿನ ಬೆಳಿಗ್ಗೆಯಿಂದ ರಾತ್ರಿ ಹನ್ನೊಂದರವರೆಗೆ ಕೂತೆ, ಐದು ಕಿಲೋ ಇಸ್ತ್ರಿ ಪೆಟ್ಟಿಗೆಯನ್ನೂ ನಾನೇ ಎಳೆದೆ, ಪರದೆಯ ಹಿಂದೆ ಹೋಗಲಿಲ್ಲ. ತೋಳು ಒಂದೂವರೆ ಸೆಂಟಿಮೀಟರ್ ಏರಿತು. ಇಳಿಸಲು ಎರಡು ವಾರ. ವರ್ಷಕ್ಕೊಮ್ಮೆ ಸಿಗುವ ದರ್ಶನಕ್ಕೆ ಸಾಲಿನಲ್ಲಿ ನಿಂತಾಗ ಕೈ ಜೋತುಬಿಟ್ಟರೆ ಬೆರಳು ಬೀಗುತ್ತದೆಂದು, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಮುಷ್ಟಿ ಕಟ್ಟಿ ಬಿಡುತ್ತಾ ನಿಂತಿದ್ದೆ. ಹಿಂದೆ ನಿಂತಿದ್ದ ಅಜ್ಜಿ ಅದನ್ನು ಯಾವುದೋ ಮುದ್ರೆ ಎಂದು ತಿಳಿದು ತಾನೂ ಮಾಡತೊಡಗಿದಳು. ಬೇಡವೆನ್ನಲಿಲ್ಲ, ಅದರಿಂದ ಯಾರಿಗೂ ಕೆಡುಕಿಲ್ಲ.

ಈಗ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುತ್ತೇನೆ. ಚಳಿಗಾಲದಲ್ಲಿ ತೋಳು ಹಗುರ, ಮಾರ್ಚ್ ಬಂದರೆ ಅದಕ್ಕೆ ನನಗಿಂತ ಮೊದಲು ಬೇಸಿಗೆ ತಿಳಿಯುತ್ತದೆ. ಬಾಟಲಿ ಹೋಗಿ ಎರಡು ಕಿಲೋದ ನಿಜವಾದ ಡಂಬೆಲ್ಲು ಬಂದಿದೆ. ಇಸ್ತ್ರಿ ಪೆಟ್ಟಿಗೆಯನ್ನು ಅರ್ಧ ಗಂಟೆ ನಾನೇ ಹಿಡಿಯುತ್ತೇನೆ, ಆಮೇಲೆ ಹುಡುಗಿಗೆ ಕೊಡುತ್ತೇನೆ. ಮುದ್ದೆಯ ಕೋಲು ನನ್ನ ಕೈಗೆ ಮರಳಿದೆ, ಇಬ್ಬರಿಗಾಗುವಷ್ಟು ಹಿಟ್ಟಿಗೆ ಮಾತ್ರ. ನೆಂಟರು ಬಂದ ದಿನ ಯಜಮಾನರೇ ತಿರುವುತ್ತಾರೆ. ಅಷ್ಟರಲ್ಲಿ ಅವರೂ ಗಂಟಿಲ್ಲದೆ ತಿರುವುವುದನ್ನು ಕಲಿತಿದ್ದಾರೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ಫಿಸಿಯೊ ಅವರು ಮೊದಲ ದಿನವೇ ಹೇಳಿದ್ದರು. ಕಳೆದ ಸೋಮವಾರ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದದ್ದು ಎಡ 24.2, ಬಲ 25.1. ಬಲಗೈ ಆಡುವ ಕೈಯಾದ್ದರಿಂದ ಅರ್ಧ ಸೆಂಟಿಮೀಟರ್ ಮೊದಲಿನಿಂದಲೂ ಹೆಚ್ಚೇ ಇದ್ದೀತು.

ಮದುವೆಗೆ ಸಡಿಲಿಸಿದ್ದ ಆ ರೇಷ್ಮೆ ರವಿಕೆಯನ್ನು ಮೊನ್ನೆ ಹೊರಗೆ ತೆಗೆದೆ. ಬಲತೋಳು ಜೋಲುತ್ತಿತ್ತು. ಮಗುಚಿ ನೋಡಿದರೆ ಹಳೆಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳ ಸಾಲು ಇನ್ನೂ ಕಾಣುತ್ತಿತ್ತು. ಅದರ ಮೇಲೆಯೇ ಹೊಲಿಯಬಹುದಿತ್ತು, ಹೊಲಿಯಲಿಲ್ಲ. ಕಾಲು ಇಂಚು ಮಾತ್ರ ಒಳಗೆ ತೆಗೆದುಕೊಂಡು, ಉಳಿದ ಕಾಲು ಇಂಚು ಹಾಗೆಯೇ ಬಿಟ್ಟು, ದಾರ ಕಡಿದೆ. ಏಪ್ರಿಲ್‌ನಲ್ಲಿ ತಂಗಿಯ ಮಗಳ ಮದುವೆ ಇದೆ, ಆಗ ಬಿಸಿಲು.